ಥೈರಾಯ್ಡ್ ತೊಂದರೆ: ಸಾಮಾನ್ಯ ವೈದ್ಯರೋ, ಹಾರ್ಮೋನು ತಜ್ಞರೋ?

ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ ಎಂಬಷ್ಟೇ ಆದರೆ ಸಾಮಾನ್ಯ ವೈದ್ಯರೇ ಸಾಕು. ಆ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟು, 6ರಿಂದ 8 ವಾರಗಳ ನಂತರ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡನ್ನು ಚುರುಕುಗೊಳಿಸುವ ಹಾರ್ಮೋನು; ಥೈರಾಯ್ಡ್ ಸೊರಗಿದರೆ ಇದು ಏರುತ್ತದೆ) ನೋಡಿ ಪ್ರಮಾಣ ಹೆಚ್ಚು ಕಡಿಮೆ ಮಾಡುತ್ತಾರೆ. ಇಷ್ಟಕ್ಕೆ ತಜ್ಞರ ಬಾಗಿಲಲ್ಲಿ ಕಾಯುವುದು ನನಗಂತೂ ವ್ಯರ್ಥವೆನಿಸುತ್ತದೆ.

ಕತ್ತಿನಲ್ಲಿ ಗಂಟು, ಹಾರ್ಮೋನಿನ ಅತಿಸ್ರಾವ, ಗರ್ಭಿಣಿಯಲ್ಲಿ ಏರುಪೇರು ಇದ್ದರೆ ಹಾರ್ಮೋನು ತಜ್ಞರನ್ನೇ (ಎಂಡೊಕ್ರಿನಾಲಜಿಸ್ಟ್) ಕಾಣಬೇಕು. ಅವರು ವರದಿಯ ಅಂಕಿಗಷ್ಟೇ ನಿಲ್ಲುವುದಿಲ್ಲ: ನೀರು ನುಂಗಲು ಹೇಳಿ ಕತ್ತನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ, ಚಾಚಿದ ಕೈ ನಡುಗುತ್ತದೆಯೇ ಎಂದು ಗಮನಿಸುತ್ತಾರೆ. ಟಿಎಸ್‌ಎಚ್ ಸ್ರವಿಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯೇ ಸೊರಗಿದ್ದರೆ ಟಿಎಸ್‌ಎಚ್ ಸಹಜವೆಂದೇ ಕಾಣಬಹುದು; ಟಿ4 (ಥೈರಾಯ್ಡ್ ಸ್ರವಿಸುವ ಹಾರ್ಮೋನು) ಜೊತೆಗಿಟ್ಟು ಓದಿದಾಗಲೇ ಗುಟ್ಟು ಬಯಲಾಗುತ್ತದೆ.

ಮಾತ್ರೆ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲವೇ? ತಜ್ಞರನ್ನು ಹುಡುಕುವ ಮೊದಲು ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿಗೂ ಥೈರಾಯ್ಡ್ ಮಾತ್ರೆಗೂ 4 ಗಂಟೆಯ ಅಂತರವಿದೆಯೇ ನೋಡಿಕೊಳ್ಳಿ.