ಡೂಮ್, ಕ್ವೇಕ್, ಹಾಫ್-ಲೈಫ್: ಮೂರು ವರ್ಷ ಆಡಿದ ಮೇಲಿನ ವಿಮರ್ಶೆ

ಈ ಮೂರು ಶೂಟಿಂಗ್ ಗೇಮ್‌ಗಳನ್ನು ನಾನು ಮೊದಲ ಬಾರಿಗೆ ಆಡಿದ್ದು ನಲವತ್ತು ದಾಟಿದ ಮೇಲೆ. ಮಂಡ್ಯದಿಂದ ಬಂದು ಮೈಸೂರಿನಲ್ಲಿ ಸಿವಿಲ್ ಡಿಪ್ಲೊಮಾ ಓದುತ್ತಿದ್ದ 2002ರ ಸುಮಾರಿನಲ್ಲಿ, ಫಲಿತಾಂಶ ನೋಡಲು ಸರಸ್ವತೀಪುರಂನ ಸೈಬರ್ ಕೆಫೆಯೊಂದಕ್ಕೆ ಹೋದಾಗಲೆಲ್ಲ ಒಳಗಿನ ಸಾಲಿನಲ್ಲಿ ಹುಡುಗರು ಕೌಂಟರ್-ಸ್ಟ್ರೈಕ್ ಆಡುತ್ತಿರುವುದು ಕಾಣುತ್ತಿತ್ತು. ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತು ಅವರ ಪಕ್ಕದಲ್ಲಿ ಕೂರುವ ಅನುಕೂಲ ಆಗ ನನಗಿರಲಿಲ್ಲ. ಹೀಗಾಗಿ ಈ ಬಗೆಯ ಗೇಮ್‌ಗಳ ಮೇಲೆ ನನಗೆ ಎಳೆವಯಸ್ಸಿನ ಮಮತೆಯಿಲ್ಲ. ಇಲ್ಲಿ ಹೇಳುವ ಗುಣದೋಷಗಳನ್ನು ಓದುಗರು ಆ ಅರಿವಿನಿಂದಲೇ ತೂಗಿ ನೋಡಬೇಕು.

ಮೂರು ವರ್ಷದ ಹಿಂದೆ ದಸರಾ ರಜೆಗೆ ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ, "ಚಿಕ್ಕಮ್ಮ, ದಿನವೆಲ್ಲ ಮನೆ ಪ್ಲಾನ್ ಹಾಕ್ತೀರಲ್ಲ, ಇದರ ಪ್ಲಾನ್ ಹೇಗಿದೆ ನೋಡಿ" ಎಂದು ನನ್ನ ಕೆಲಸದ ಲ್ಯಾಪ್‌ಟಾಪಿನಲ್ಲಿ ಡೂಮ್ ಹಾಕಿಕೊಟ್ಟ. ಮನೆಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ಆ ಮಾತಿನಿಂದಲೇ ನಾನು ಈ ಗೇಮ್‌ಗಳನ್ನು ಬಂದೂಕಿನ ಕಡೆಯಿಂದ ನೋಡದೆ ಕಟ್ಟಡದ ಕಡೆಯಿಂದ ನೋಡತೊಡಗಿದೆ.

1993ರ ಡಿಸೆಂಬರ್‌ನಲ್ಲಿ ಬಂದ ಡೂಮ್‌ನಲ್ಲಿ ಟ್ಯಾಬ್ ಕೀ ಒತ್ತಿದರೆ ನಾವು ನಡೆದುಬಂದ ಜಾಗದ ನಕ್ಷೆ ಗೆರೆಗಳಲ್ಲಿ ಮೂಡುತ್ತದೆ. ಅದು ಕೇವಲ ಆಟಗಾರರ ಅನುಕೂಲಕ್ಕೆ ಬರೆದ ಚಿತ್ರವಲ್ಲ, ಆ ಜಗತ್ತಿನ ಕಟ್ಟಣೆಯೇ ಹಾಗಿದೆ: ಗೆರೆಗಳು ಸುತ್ತುವರಿದ ಪ್ರತಿಯೊಂದು ಭಾಗಕ್ಕೂ ಒಂದು ನೆಲಮಟ್ಟ, ಒಂದು ಚಾವಣಿಮಟ್ಟ ಮಾತ್ರ ಇರುವುದರಿಂದ, ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಕಟ್ಟುವುದು ಸಾಧ್ಯವೇ ಇಲ್ಲ. ಇಷ್ಟು ಕಟ್ಟುನಿಟ್ಟಿನೊಳಗೆ ಮೆಟ್ಟಿಲು, ಹೊಂಡ, ಎತ್ತರದ ಜಗಲಿ, ತೆರೆದ ಅಂಗಳಗಳನ್ನು ಗೇಮ್ ರೂಪಿಸಿದವರು ಜೋಡಿಸಿರುವ ರೀತಿ ನನಗೆ ಇಂದಿಗೂ ಅಚ್ಚರಿ ತರುತ್ತದೆ. ಮೊದಲ ಲೆವೆಲ್‌ನ, ಅಂದರೆ ಮೊದಲ ಹಂತದ, ಆರಂಭದಲ್ಲಿಯೇ ಕಿಟಕಿಯಾಚೆ ಒಂದು ಅಂಗಳವೂ ಅಲ್ಲೊಂದು ನೀಲಿ ಕವಚವೂ ಕಾಣುತ್ತವೆ, ಹೋಗುವ ದಾರಿ ಮಾತ್ರ ಕಾಣುವುದಿಲ್ಲ; ಮುಂದೆಲ್ಲೋ ಒಂದು ಗುಪ್ತ ದಾರಿ ಸಿಕ್ಕಿ ಅದೇ ಅಂಗಳಕ್ಕೆ ಬಂದು ನಿಂತಾಗ ಇಡೀ ಕಟ್ಟಡ ತಲೆಯೊಳಗೆ ಒಂದಾಗಿ ಕೂರುತ್ತದೆ. ಚಿಕ್ಕ ಗಡಿಯಾರದ ಕಡೆಯಿಂದ ದೇವರಾಜ ಮಾರುಕಟ್ಟೆಗೆ ಹೊಕ್ಕು, ಹೂವಿನ ಸಾಲು, ಬಾಳೆಹಣ್ಣಿನ ಸಾಲು ದಾಟಿ ದಿಕ್ಕು ತಪ್ಪಿತೆನ್ನುವಷ್ಟರಲ್ಲಿ ಗುರುತಿನ ಕುಂಕುಮದಂಗಡಿಯ ಮುಂದೆಯೇ ಬಂದು ನಿಂತಾಗ ಆಗುವ ಸಮಾಧಾನಕ್ಕೆ ಇದು ಬಹಳ ಹತ್ತಿರದ್ದು. ಜಾನ್ ರೊಮೆರೊ ರೂಪಿಸಿದ ಲೆವೆಲ್‌ಗಳೇ ಹೆಚ್ಚಿರುವ ಮೊದಲ ಕಂತಿನಲ್ಲಿ ಈ ಗುಣ ಸತತವಾಗಿದೆ. ಸ್ಯಾಂಡಿ ಪೀಟರ್ಸನ್ ಅವರ ಕೆಲಸವೇ ಹೆಚ್ಚಿರುವ ಮುಂದಿನ ಎರಡು ಕಂತುಗಳಲ್ಲಿ ಕಲ್ಪನೆ ದೊಡ್ಡದು, ಆದರೆ ಕಟ್ಟಡದ ತರ್ಕ ಅಲ್ಲಲ್ಲಿ ಸಡಿಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾಳಗವೂ ಜಾಗದ ಮೇಲೆಯೇ ನಿಂತಿದೆ. ಇಂಪ್ ಎಂಬ ದೈತ್ಯ ಎಸೆಯುವ ಬೆಂಕಿಯುಂಡೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುವಷ್ಟು ನಿಧಾನವಾಗಿ ಬರುತ್ತದೆ. ಎತ್ತರದಲ್ಲಿರುವ ವೈರಿಗೆ ಗುರಿಯನ್ನು ಗೇಮ್ ತಾನೇ ಹೊಂದಿಸುತ್ತದೆ. ಒಂದರ ಏಟು ಇನ್ನೊಂದಕ್ಕೆ ತಗುಲಿದರೆ ಬೇರೆ ಬೇರೆ ಜಾತಿಯ ದೈತ್ಯಗಳು ತಮ್ಮತಮ್ಮಲ್ಲೇ ಹೊಡೆದಾಡತೊಡಗುತ್ತವೆ. ಬೆರಳಿನ ಚುರುಕಿಗಿಂತ ಎಲ್ಲಿ ನಿಲ್ಲಬೇಕು, ಯಾವ ಬಾಗಿಲಿನಿಂದ ಹಿಂದೆ ಸರಿಯಬೇಕು ಎಂಬ ನಿರ್ಧಾರ ಇಲ್ಲಿ ಮುಖ್ಯವಾಗುವುದರಿಂದ ತಡವಾಗಿ ಆರಂಭಿಸಿದವರೂ ಹಿಂದೆ ಬೀಳುವುದಿಲ್ಲ. ಹೆಚ್ಚಿನ ಲೆವೆಲ್‌ಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಮಗಳು ಮಲಗಿದ ಮೇಲೆ, ಮರುದಿನದ ಕೆಲಸ ನೆನಪಾಗುವ ಮೊದಲು, ನನಗೆ ಸಿಗುವ ಬಿಡುವು ಅಷ್ಟೇ.

ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ವಾರ ನನಗೆ ತಲೆಸುತ್ತು, ವಾಕರಿಕೆ ಬಂದು ಹತ್ತು ನಿಮಿಷಕ್ಕೆ ಏಳಬೇಕಾಗುತ್ತಿತ್ತು. ಡೂಮ್‌ನ ಮೂಲ ಕೋಡ್ 1997ರಲ್ಲಿ ಬಹಿರಂಗವಾದ ಕಾರಣ ಅದರ ಮೇಲೆ ಕಟ್ಟಿದ ಜಿಝಡ್‌ಡೂಮ್‌ನಂತಹ, ಈ ಗೇಮ್ ಅನ್ನು ನಡೆಸುವ ಉಚಿತ ತಂತ್ರಾಂಶಗಳಿವೆ. ಅದರಲ್ಲಿ ನಡೆಯುವಾಗಿನ ತಲೆಯ ತೂಗಾಟವನ್ನು ನಿಲ್ಲಿಸಿ, ನೋಟದ ಕೋನವನ್ನು ಸ್ವಲ್ಪ ಅಗಲಿಸಿ, ಕೋಣೆಯ ದೀಪ ಹಾಕಿಕೊಂಡು ಆಡಿದ ಮೇಲೆ ಆ ತೊಂದರೆ ಬಹುಪಾಲು ನಿಂತಿತು. ಹಣ ಕೊಡುವ ಮೊದಲು ಪರೀಕ್ಷಿಸಬೇಕೆನ್ನುವವರಿಗೆ ಫ್ರೀಡೂಮ್ ಎಂಬ ಉಚಿತ ಗೇಮ್ ಇದೇ ಬಗೆಯ ತಂತ್ರಾಂಶದಲ್ಲಿ ನಡೆಯುತ್ತದೆ. ರಕ್ತಪಾತ ಧಾರಾಳವಾಗಿದೆ, ಹತ್ತು ವರ್ಷದ ಮಗಳಿಗೆ ನಾನು ಇದನ್ನು ಕೊಟ್ಟಿಲ್ಲ.

1996ರ ಕ್ವೇಕ್‌ನಲ್ಲಿ ಕೋಣೆಯ ಮೇಲೆ ಕೋಣೆ ಬಂತು, ಸೇತುವೆಯ ಕೆಳಗೆ ನಡೆಯುವುದು ಸಾಧ್ಯವಾಯಿತು. ಕಷ್ಟದ ಮಟ್ಟವನ್ನು ಮೆನುವಿನಲ್ಲಿ ಆರಿಸದೆ, ಒಂದು ಹಜಾರದಿಂದ ಕವಲೊಡೆದ ಮೂರು ದಾರಿಗಳಲ್ಲಿ ಒಂದನ್ನು ಹಿಡಿದು ನಡೆದೇ ಆರಿಸಬೇಕೆಂಬ ಏರ್ಪಾಟು ನಾನು ಕಂಡ ಅತ್ಯಂತ ಸೊಗಸಾದ ಪ್ರವೇಶದ್ವಾರಗಳಲ್ಲಿ ಒಂದು. ಸಂಗೀತಗಾರ ಟ್ರೆಂಟ್ ರೆಜ್ನರ್ ಒದಗಿಸಿದ ಧ್ವನಿಯಲ್ಲಿ ಗುಹೆಯ ತಣ್ಪಿದೆ. ಇಷ್ಟಾದರೂ ಎಲ್ಲೆಲ್ಲೂ ಒಂದೇ ಕಂದು ಬಣ್ಣ, ಒಂದೇ ಕಲ್ಲುಗೋಡೆ. ಒಂದು ಲೆವೆಲ್ ಮುಗಿಸಿ ಎರಡು ದಿನ ಕಳೆದರೆ ಅದರ ನಕ್ಷೆಯನ್ನು ನಾನು ನೆನಪಿನಿಂದ ಬರೆಯಲಾರೆ. ಡೂಮ್‌ನ ಮೊದಲ ಕಂತನ್ನು ಈಗಲೂ ಬರೆಯಬಲ್ಲೆ.

ಹಾಫ್-ಲೈಫ್ ಬಂದದ್ದು 1998ರ ನವೆಂಬರ್‌ನಲ್ಲಿ. ಆರಂಭದ ಕೆಲವು ನಿಮಿಷ ಒಂದು ಟ್ರಾಮಿನಲ್ಲಿ ಕುಳಿತು ಬ್ಲ್ಯಾಕ್ ಮೆಸಾ ಎಂಬ ಪ್ರಯೋಗಾಲಯದ ಆಳಕ್ಕೆ ಇಳಿಯುವುದಷ್ಟೇ ಕೆಲಸ. ಆ ಅವಧಿಯಲ್ಲಿ ಗೋದಾಮು, ಯಂತ್ರ, ಬೀಗ ಹಾಕಿದ ಬಾಗಿಲುಗಳನ್ನು ನೋಡಿ ಇದು ಜನ ದುಡಿಯುವ ಜಾಗವೆಂದು ಮನಸ್ಸು ಒಪ್ಪಿಬಿಡುತ್ತದೆ. ಇದರ ಉತ್ತುಂಗವೆಂದರೆ ಬ್ಲಾಸ್ಟ್ ಪಿಟ್ ಎಂಬ ಅಧ್ಯಾಯ. ಆಳವಾದ ಬಾವಿಯಂತಹ ಹೊಂಡದಲ್ಲಿ ಸದ್ದು ಕೇಳಿ ಎರಗುವ ಮೂರು ತಲೆಯ ಪ್ರಾಣಿಯಿದೆ. ಅದನ್ನು ಸುಡಬಲ್ಲ ರಾಕೆಟ್ ಎಂಜಿನ್‌ಗೆ ಇಂಧನ, ಆಮ್ಲಜನಕ, ವಿದ್ಯುತ್ತು ಹರಿಸಲು ಅದೇ ಹೊಂಡದ ಅಂಚಿನಲ್ಲಿ ಸದ್ದಿಲ್ಲದೆ ಮತ್ತೆ ಮತ್ತೆ ಓಡಾಡಬೇಕು. ಒಂದೇ ಜಾಗ ಪ್ರತಿ ಸಲವೂ ಬೇರೆಯಾಗಿ ಕಾಣುವ ಹಾಗೆ ಮಾಡುವುದು ಎಷ್ಟು ಕಷ್ಟವೆಂದು ನನ್ನ ವೃತ್ತಿಯವರಿಗೆ ತಿಳಿದಿರುತ್ತದೆ. ದೋಷಗಳೂ ಇವೆ. ಏಣಿಗಳಲ್ಲಿ ಕಾಲು ನಿಲ್ಲುವುದಿಲ್ಲ, ಅಲ್ಲಿ ಬಿದ್ದು ಸತ್ತಷ್ಟು ನಾನು ಸೈನಿಕರ ಗುಂಡಿಗೆ ಸತ್ತಿಲ್ಲ. ಕೊನೆಯಲ್ಲಿ ಬರುವ ಝೆನ್ ಎಂಬ ಅನ್ಯಲೋಕದಲ್ಲಿ ಕಟ್ಟಡವೆನ್ನುವಂಥದ್ದು ಬಹಳ ಕಡಿಮೆ. ತೇಲುವ ಬಂಡೆಯಿಂದ ಬಂಡೆಗೆ ಜಿಗಿಯುವ ಆ ಭಾಗವನ್ನು ಒಮ್ಮೆ ಮುಗಿಸಿದೆ, ಎರಡನೆಯ ಸಲ ಅದರ ಹೊಸ್ತಿಲಿನಲ್ಲಿಯೇ ನಿಲ್ಲಿಸಿದೆ.

ಹೊಸದಾಗಿ ಆರಂಭಿಸುವವರು ಬಿಡುಗಡೆಯ ಕ್ರಮದಲ್ಲಿಯೇ ಆಡಲಿ ಎಂಬುದು ನನ್ನ ಸಲಹೆ, ಏಕೆಂದರೆ ಹಾಫ್-ಲೈಫ್‌ನಿಂದ ಡೂಮ್‌ಗೆ ಹಿಂದಿರುಗಿದವರಿಗೆ ಇಲ್ಲದಿರುವ ಸಂಗತಿಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಉಳಿದಿರುವುದು ಡೂಮ್ ಒಂದೇ. ಕಳೆದ ಬೇಸಿಗೆಯಿಂದ ಅದರ ಮೂಲ ನಿಯಮಗಳಿಗೆ ಬದ್ಧಳಾಗಿ, ಮಂಡ್ಯದ ಕಡೆಯ ನಮ್ಮ ಅಜ್ಜಿಯ ತೊಟ್ಟಿಮನೆಯನ್ನು ಲೆವೆಲ್ ಆಗಿ ಬರೆಯುತ್ತಿದ್ದೇನೆ. ತೊಟ್ಟಿ, ನಡುಮನೆ, ಜಗಲಿ, ಹಿತ್ತಿಲು ಎಲ್ಲವೂ ಇದ್ದಂತೆಯೇ ಬಂದಿವೆ. ಅಡುಗೆಮನೆಯ ಮೇಲಿದ್ದ ಅಟ್ಟವನ್ನು ಮಾತ್ರ ಪಕ್ಕಕ್ಕೆ ಸರಿಸಿ, ನಾಲ್ಕು ಮೆಟ್ಟಿಲು ಕೊಟ್ಟಿದ್ದೇನೆ.