ಮಳೆಗಾಲದ ಕಡಲ ಪ್ರವಾಸ: ನಮ್ಮ ಕರಾವಳಿಯೋ, ಅಂಡಮಾನೋ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೆಳೆಯರೊಂದಿಗೆ ಕಡಲತೀರಕ್ಕೆ ಹೊರಡುವವರು ಮೊದಲು ತೀರ್ಮಾನಿಸಬೇಕಾದದ್ದು ದ್ವೀಪಗಳನ್ನು ಸುತ್ತಲೇಬೇಕೇ, ಅಥವಾ ಮಳೆಯಲ್ಲಿ ಉಕ್ಕುವ ಕಡಲನ್ನು ದಡದಿಂದ ನೋಡಿದರೆ ಸಾಕೇ ಎಂಬುದನ್ನು.

ನಮ್ಮ ಕರಾವಳಿಯಲ್ಲಿ ಆಗ ದ್ವೀಪದ ಆಸೆಯನ್ನು ಬಿಡಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ದೋಣಿಗಳೂ ನಿಂತಿರುತ್ತವೆ, ನೀರಿಗಿಳಿಯುವುದಂತೂ ಪ್ರಾಣಾಪಾಯ. ಆದರೆ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅಬ್ಬರಿಸುವ ಅಲೆಗಳಿರುವ ಮರವಂತೆಯ ಹೆದ್ದಾರಿಯನ್ನು ಮಳೆಗಾಲದಲ್ಲಿ ನೋಡದವರು ಅದನ್ನು ಪೂರ್ತಿ ನೋಡಿದಂತಾಗುವುದಿಲ್ಲ ಎಂದೇ ನಾನು ನಂಬುತ್ತೇನೆ. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣವಾದ್ದರಿಂದ, ಯೋಜನೆ ಬದಲಾದರೂ ಹೆಚ್ಚು ನಷ್ಟವಾಗದು.

ಅಂಡಮಾನಿನಲ್ಲಿ ಮಳೆಗಾಲದಲ್ಲಿಯೂ ಸ್ವರಾಜ್ ದ್ವೀಪ (2018ರವರೆಗೆ ಹ್ಯಾವ್‌ಲಾಕ್), ಶಹೀದ್ ದ್ವೀಪಗಳ (ಆಗಿನ ನೀಲ್) ನಡುವೆ ಹಡಗುಗಳು ಓಡಾಡುತ್ತವೆಯಾದರೂ, ಕಡಲು ಕೆರಳಿದ ದಿನ ಸಂಚಾರ ರದ್ದಾಗಬಹುದು. ಹಾಗಾಗಿ ವಿಮಾನ ಹತ್ತುವ ಹಿಂದಿನ ರಾತ್ರಿಯನ್ನು ಶ್ರೀ ವಿಜಯಪುರಂನಲ್ಲೇ (2024ರವರೆಗೆ ಪೋರ್ಟ್ ಬ್ಲೇರ್) ಕಳೆಯುವುದು ಅನಿವಾರ್ಯ.

ಮೂರು ದಿನಗಳ ರಜೆಗೆ ನಾನು ಕರಾವಳಿಯನ್ನೇ ಸೂಚಿಸುತ್ತೇನೆ. ಅಂಡಮಾನಿಗೆ ಹೋಗುವುದಾದರೆ ಕನಿಷ್ಠ ಒಂದು ವಾರವಿರಲಿ, ಅದರಲ್ಲಿ ಒಂದು ದಿನವನ್ನು ಯಾವ ಯೋಜನೆಯೂ ಇಲ್ಲದೆ ಖಾಲಿ ಬಿಡಿ, ರದ್ದುಮಾಡಿದರೆ ಹಣ ಮರಳಿಸುವ ವಸತಿಯನ್ನೇ ಕಾಯ್ದಿರಿಸಿ.