ಮೈಸೂರಿನ ನೇರ ಆಚೆ ಬದಿ: ಗೋಳವೋ, ಲೆಕ್ಕವೋ?

ಭೂಮಿಯ ಮೇಲೆ ಮೈಸೂರಿಗೆ ನೇರ ವಿರುದ್ಧ ಬದಿಯಲ್ಲಿರುವ ಜಾಗ ಯಾವುದೆಂದು ಮಕ್ಕಳಿಗೆ ತೋರಿಸಬೇಕೆಂದರೆ ಭೂಗೋಳದ ಮಾದರಿಯೇ (ಗೋಳ) ಸರಿ. ಅದರ ಅರ್ಧ ಸುತ್ತಳತೆಯಷ್ಟು ದಾರ ಕತ್ತರಿಸಿ, ಒಂದು ತುದಿಯನ್ನು ಮೈಸೂರಿನ ಮೇಲೆ ಒತ್ತಿಹಿಡಿಯಿರಿ. ಯಾವ ದಿಕ್ಕಿಗೆ ಬಿಗಿಯಾಗಿ ಎಳೆದರೂ ಇನ್ನೊಂದು ತುದಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಮಜಾ ಇರುವುದೇ ಅಲ್ಲಿ. ಆದರೆ 30 ಸೆಂ.ಮೀ. ವ್ಯಾಸದ ಗೋಳದಲ್ಲಿ ಒಂದು ಸೆಂ.ಮೀ. ಅತ್ತಿತ್ತ ಆದರೆ ಸುಮಾರು 425 ಕಿ.ಮೀ. ತಪ್ಪು.

ಕರಾರುವಾಕ್ಕಾಗಿ ಬೇಕಿದ್ದರೆ ಲೆಕ್ಕವೇ ಮೇಲು, ಅದೂ ಅರ್ಧ ನಿಮಿಷದ್ದು. ಮೈಸೂರು 12.3° ಉತ್ತರ, 76.6° ಪೂರ್ವ. ಉತ್ತರವನ್ನು ದಕ್ಷಿಣ ಮಾಡಿ. ರೇಖಾಂಶವನ್ನು 180ರಿಂದ ಕಳೆದು ಪಶ್ಚಿಮ ಎಂದು ಬರೆಯಿರಿ. (ಕಳೆಯದೆ ಬರೀ ದಿಕ್ಕು ಬದಲಿಸಿದರೆ ಪೆರುವಿನ ಲಿಮಾ ಹತ್ತಿರ ಇಳಿಯುತ್ತೀರಿ!) ಸಿಗುವ ಜಾಗ: 12.3° ದಕ್ಷಿಣ, 103.4° ಪಶ್ಚಿಮ. ಲಿಮಾದಿಂದ ಪಶ್ಚಿಮಕ್ಕೆ ಸುಮಾರು 2,850 ಕಿ.ಮೀ., ಪೆಸಿಫಿಕ್ ಸಾಗರದ ಪೂರ್ವ ಭಾಗ. ಮಂಡ್ಯದವರಿಗೂ ನೀರೇ ಗತಿ.